ಎಲ್ಲಕ್ಕಿಂತ ಬೆಳ್ಳಗಿನ ಹಲ್ಲು

ಮಗಳ ಹಳದಿ ಫ್ರಾಕನ್ನು ಹಿಂಡಿ, ಕೊಡವಿ, ಇನ್ನೇನು ತಂತಿಗೆ ಹಾಕಬೇಕು, ಅಷ್ಟರಲ್ಲಿ ಫೋನು ಬಂತು. ಕೈ ಎರಡೂ ಒದ್ದೆ. ಬಟ್ಟೆಯ ಕ್ಲಿಪ್ಪು ಬಾಯಲ್ಲಿ. ಭುಜಕ್ಕೂ ಕಿವಿಗೂ ನಡುವೆ ಫೋನನ್ನು ಸಿಕ್ಕಿಸಿಕೊಂಡು ಅವಳು "ಹೂಂ" ಎಂದಳು.

"ನೋಡು, ಈ ಸಲ ಆಗೋ ಹಾಗೆ ಕಾಣಲ್ಲ," ಎಂದಿತು ಆ ಕಡೆಯ ದನಿ.

ಹೇಗಿದ್ದೀಯ ಇಲ್ಲ, ಮಗು ಹೇಗಿದೆ ಇಲ್ಲ. ಬಿಟ್ಟು ಹೋಗುವ ಗಂಡಂದಿರು ಹೆಂಡತಿಯ ಜೊತೆಗೆ ಪೀಠಿಕೆಯನ್ನೂ ಬಿಟ್ಟು ಹೋಗುತ್ತಾರೇನೋ. ಅವಳು ಬಾಯಿಂದ ಕ್ಲಿಪ್ಪು ತೆಗೆದಳು.

"ಏನು ಆಗೋ ಹಾಗೆ ಕಾಣಲ್ಲ?"

"ರಜೆಗೆ ಅವಳನ್ನ ಕರ್ಕೊಂಡು ಬರೋದು. ಇಲ್ಲಿ ಇವಳ ಅಕ್ಕ, ಭಾವ, ಮಕ್ಕಳು ಎಲ್ಲಾ ಬಂದಿಳಿದಿದ್ದಾರೆ. ಮನೇಲಿ ಕಾಲಿಡೋಕೆ ಜಾಗ ಇಲ್ಲ. ಎಲ್ಲಿ ಮಲಗಿಸೋದು ಹೇಳು?"

"ಎಂಟು ವರ್ಷದ ಮಗು ಎಷ್ಟು ಜಾಗ ಹಿಡಿಯುತ್ತೆ? ಬೆಳಗ್ಗೆ ಎದ್ದಾಗಿನಿಂದ ಬ್ಯಾಗು ತುಂಬ್ಕೊಂಡು ಕೂತಿದೆ ಅದು."

"ಅದಕ್ಕೇ ಬೇಗ ಫೋನ್ ಮಾಡ್ದೆ."

ಬೇಗವಂತೆ! ಅವಳ ಕಿವಿ ಬಿಸಿಯಾಯಿತು.

"ಹೋದ ರಜೇಲಿ ಆಫೀಸಿನ ಕೆಲಸ ಅಂದ್ರಿ. ಅದಕ್ಕೂ ಹಿಂದಿನ ರಜೇಲಿ ಬೆನ್ನು ಹಿಡಿದಿದೆ ಅಂದ್ರಿ. ಈಗ ನೆಂಟ್ರು. ಈ ಮಾತನ್ನ ಅವಳಿಗೇ ಹೇಳಿ. ಕರೀತೀನಿ."

"ಬೇಡ ಬೇಡ. ನೀನೇ ಹೇಳ್ಬಿಡು. ಮಕ್ಕಳ ಹತ್ರ ಮಾತಾಡೋದು ನಿನಗೆ ಚೆನ್ನಾಗಿ ಬರುತ್ತೆ. ಹೇಗೂ ನೀನು ಮನೇಲೇ ಇರ್ತೀಯಲ್ಲ."

ಫೋನು ಕಟ್ಟಾಯಿತು. ಅವಳು ಹಿಂಡಿದ್ದ ಫ್ರಾಕನ್ನೇ ಮತ್ತೊಮ್ಮೆ ಹಿಂಡಿದಳು. ಅದರಲ್ಲಿ ತೊಟ್ಟು ನೀರೂ ಉಳಿದಿರಲಿಲ್ಲ. ಯಾರ ಕತ್ತನ್ನು ಹಿಂಡುತ್ತಿದ್ದಳೋ ಅವಳಿಗೇ ಗೊತ್ತು.

ಹೇಗೂ ಮನೇಲೇ ಇರ್ತೀಯಲ್ಲ. ಸುಮ್ಮನೆ ಕೂತು ಸೀಲಿಂಗು ನೋಡುತ್ತಿರುತ್ತಾಳೆ ಎಂಬಂತೆ! ಹಿಂದಿನ ಕೋಣೆಯಲ್ಲಿ ಅವಳ ಮೇಜಿತ್ತು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು, ಅವಳು ಹಲ್ಲು ಕಟ್ಟಿ ಕಳಿಸುತ್ತಿದ್ದಳು. ಊರಿನ ಎಷ್ಟೋ ಬಾಯಿಗಳು ಅವಳ ಕೈಕೆಲಸದಿಂದ ಅಗಿಯುತ್ತಿದ್ದವು, ಬೈಯುತ್ತಿದ್ದವು, ಮುತ್ತಿಡುತ್ತಿದ್ದವು. ಕಟ್ಟಡದ ಮಕ್ಕಳು ಅವಳನ್ನು ಹಲ್ಲಾಂಟಿ ಎಂದೇ ಕರೆಯುವುದು. ಆ ಮಕ್ಕಳೆಲ್ಲ ಈಗ ವರ್ಷದ ಕೊನೆಯ ರಜೆಗೆ ಅಜ್ಜಿಮನೆಗೋ ಅತ್ತೆಮನೆಗೋ ಹೋಗಿಯಾಗಿತ್ತು. ಮೆಟ್ಟಿಲ ಮೇಲೆ ಒಂದು ಚಪ್ಪಲಿಯ ಸದ್ದೂ ಇರಲಿಲ್ಲ.

ಅವಳು ಬಾಲ್ಕನಿಯಿಂದ ಬಗ್ಗಿ ನೋಡಿದಳು. ರಸ್ತೆಯ ಆಚೆ ಬಸ್ಸಿನ ಕೊನೆಯ ಸ್ಟಾಪು. ಅಲ್ಲಿ ಕಲ್ಲುಬೆಂಚಿನ ಪಕ್ಕ, ಬ್ಯಾಗಿನ ಮೇಲೆ, ನೆಟ್ಟಗೆ ಕೂತಿದ್ದಳು ಮಗಳು. ಅಪ್ಪ ಬಸ್ಸಿನಲ್ಲಿ ಬರುತ್ತೇನೆಂದು ಹೇಳಿದ್ದ. ಅದಕ್ಕೆ ಯಾರಿಗೂ ಕಾಯದೆ ಇಳಿದು ಹೋಗಿದ್ದಾಳೆ. ಕಡ್ಡಿಯಂತಿದ್ದ ಅವಳಿಗೆ ಮನೆಯಲ್ಲೂ ಹೊರಗೂ ಕಡ್ಡಿ ಎಂದೇ ಹೆಸರು. ಮೈ ಕಡ್ಡಿ, ಮಾತು ಬೆಂಕಿಕಡ್ಡಿ.

ಕಡ್ಡಿ ಯಾರೊಡನೆಯೋ ಮಾತಾಡುತ್ತಿದ್ದಳು. ನೀಲಿ ಸಮವಸ್ತ್ರದ ಗಂಡಸು.

ಅಮ್ಮ ಮೆಟ್ಟಿಲಿಳಿದ ರಭಸಕ್ಕೆ ಒಂದು ಚಪ್ಪಲಿ ಹಿಂದೆಯೇ ಉಳಿಯಿತು. ಹೋಗಿ ಹಾಕಿಕೊಂಡು ಬರಬೇಕಾಯಿತು. ಅದರಿಂದ ಸಿಟ್ಟು ಇನ್ನಷ್ಟು ಏರಿತು.

*

ಆ ಗಂಡಸು ಬಸ್ಸಿನ ಡ್ರೈವರ್. ಅವನನ್ನು ಅವಳು ಬಾಲ್ಕನಿಯಿಂದ ಎಷ್ಟೋ ಸಲ ನೋಡಿದ್ದಳು. ಎತ್ತರದ ಆಳು, ಕಿವಿಯ ಮೇಲೆ ಬೆಳ್ಳಿಕೂದಲು. ಎಂದೂ ನಕ್ಕವನಲ್ಲ. ಯಾರಾದರೂ ಥ್ಯಾಂಕ್ಸ್ ಎಂದರೂ ತುಟಿ ಬಿಗಿದು ತಲೆಯಾಡಿಸುವವನು. ಮಕ್ಕಳು ಅವನಿಗೆ ಗುಮ್ಮ ಎಂದು ಹೆಸರಿಟ್ಟಿದ್ದರು.

"ಏನು ಕೇಳ್ತಿದ್ರಿ ನನ್ನ ಮಗಳನ್ನ?"

"ನಾನೇನೂ ಕೇಳಿಲ್ಲ ಮೇಡಂ. ಅವರೇ ಕೇಳ್ತಿದ್ರು," ಎಂದ ಅವನು, ತುಟಿ ಸಾಧ್ಯವಾದಷ್ಟು ಕಡಿಮೆ ತೆರೆದು.

"ಸ್ಟೇರಿಂಗು ತಿರುಗಿಸಿ ತಿರುಗಿಸಿ ತಲೆ ತಿರುಗಲ್ವಾ ಅಂತ ಕೇಳ್ದೆ," ಎಂದಳು ಕಡ್ಡಿ. "ಅಮ್ಮಾ, ಅಪ್ಪ ಈ ಬಸ್ಸಲ್ಲಿ ಬರ್ಲಿಲ್ಲ. ಮುಂದಿನದ್ರಲ್ಲಿ ಬರ್ತಾರೆ."

ಅಮ್ಮ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮಕ್ಕಳ ಹತ್ತಿರ ಮಾತಾಡುವುದು ಅವಳಿಗೆ ಚೆನ್ನಾಗಿ ಬರುತ್ತದಂತೆ. ಬರಲಿ ನೋಡೋಣ.

"ಕಡ್ಡೀ, ಅಪ್ಪ ಫೋನ್ ಮಾಡಿದ್ರು. ಅವರ ಮನೆಗೆ ನೆಂಟ್ರು ಬಂದಿದ್ದಾರಂತೆ. ಈ ರಜೇಲಿ ಬರೋಕಾಗಲ್ವಂತೆ."

ಮಗು ಅಳಲಿಲ್ಲ. ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ಏನೋ ಕೇಳಲು ಬಾಯಿ ತೆರೆದಳು, ಅಮ್ಮನ ಮುಖ ನೋಡಿದಳು, ಬಾಯಿ ಮುಚ್ಚಿದಳು. ಬ್ಯಾಗಿನ ಮೇಲಿಂದ ಮಾತ್ರ ಏಳಲಿಲ್ಲ.

"ಮೇಲೆ ಹೋಗೋಣ, ಬಾ."

"ಇಲ್ಲೇ ಇರ್ತೀನಿ."

"ಎಷ್ಟು ಹೊತ್ತು?"

"ಗೊತ್ತಿಲ್ಲ."

ಡ್ರೈವರ್ ಕೆಮ್ಮಿದ. "ಮುಂದಿನ ಟ್ರಿಪ್ಪೂ ನಮ್ಮದೇ ಮೇಡಂ. ಈ ರಜೇಲಿ ಬಸ್ಸು ಪೂರ್ತಿ ಖಾಲಿ. ಬೇಕಿದ್ರೆ ನೀವಿಬ್ರೂ ಹತ್ತಿ. ಆ ತುದಿಗೆ ಹೋಗಿ ಈ ತುದಿಗೆ ಬರೋಣ."

"ನಮ್ಮನ್ನ ನೋಡಿದ್ರೆ ಅಯ್ಯೋ ಪಾಪ ಅನ್ನಿಸ್ತಾ ನಿಮಗೆ?"

"ಇಲ್ಲ ಮೇಡಂ. ಬ್ಯಾಗು ತುಂಬ್ಕೊಂಡು ಹೊರಟವರು ಎಲ್ಲಿಗಾದ್ರೂ ಹೋಗ್ಲೇಬೇಕು. ಹೊರಟಿದ್ದು ಹಾಗೇ ಉಳಿದ್ರೆ ಮೈಯೆಲ್ಲಾ ನೋಯುತ್ತೆ."

ಅಷ್ಟು ಹೇಳಿ ಅವನು ಬಸ್ಸಿನ ಕಡೆ ನಡೆದ. ಕಡ್ಡಿ ಎದ್ದು ನಿಂತಳು. ಬ್ಯಾಗು ಎತ್ತಿಕೊಂಡಳು. ಅಮ್ಮನನ್ನು ನೋಡಿದ ಆ ಕಣ್ಣಿಗೆ ಇಲ್ಲ ಎನ್ನುವ ಎದೆ ಯಾವ ತಾಯಿಗಿದೆ?

*

ಬಸ್ಸಿನ ಕಂಡಕ್ಟರ್ ದಪ್ಪಗಿನ, ನಿವೃತ್ತಿಗೆ ಹತ್ತಿರವಾದ ಹೆಂಗಸು. ತಾಯಿ ಮಗಳಿಗೆ ಟಿಕೆಟ್ ಹರಿದುಕೊಟ್ಟು, ತನ್ನ ಸೀಟನ್ನೇ ಕಡ್ಡಿಗೆ ಬಿಟ್ಟುಕೊಟ್ಟಳು.

"ಥ್ಯಾಂಕ್ಸ್ ಅಜ್ಜಿ."

"ಅಜ್ಜಿ ಅಂದ್ರೆ ಮುಂದಿನ ಸ್ಟಾಪಲ್ಲಿ ಇಳಿಸಿಬಿಡ್ತೀನಿ ನೋಡು. ಕಂಡಕ್ಟರಮ್ಮ ಅನ್ನು."

ಬಸ್ಸು ಹೊರಟಿತು. ಎರಡೂ ಬದಿಯಲ್ಲಿ ಶಟರು ಎಳೆದ ಅಂಗಡಿಗಳು, ಪರದೆ ಮುಚ್ಚಿದ ಕಿಟಕಿಗಳು. ಊರೆಲ್ಲ ತನ್ನ ತನ್ನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಂತಿತ್ತು. ಅಮ್ಮ ಕಿಟಕಿಯ ಹೊರಗೆ ನೋಡುತ್ತ ಮನಸ್ಸಿನಲ್ಲೇ ಫೋನಿನ ದನಿಗೆ ಉತ್ತರ ಕೊಡುತ್ತಿದ್ದಳು. ಒಂದಕ್ಕಿಂತ ಒಂದು ಚುರುಕಾದ ಉತ್ತರ. ಜಗಳ ಮುಗಿದ ಮೇಲೆಯೇ ಒಳ್ಳೆಯ ಮಾತು ನೆನಪಾಗುವುದು ಅವಳ ಹಣೆಬರಹ.

ತಲೆಯೆತ್ತಿದಾಗ ಡ್ರೈವರನ ಮೇಲಿದ್ದ ಉದ್ದ ಕನ್ನಡಿಯಲ್ಲಿ ಎರಡು ಕಣ್ಣು ಕಂಡವು. ಅವು ಕಡ್ಡಿಯನ್ನು ನೋಡಿದವು, ಅವಳು ಆರಾಮಾಗಿ ಕೂತಿದ್ದಾಳೆಂದು ಖಾತ್ರಿ ಮಾಡಿಕೊಂಡವು, ಆಮೇಲೆ ಅಮ್ಮನ ಕಡೆ ಬಂದವು. ಸಿಕ್ಕಿಬಿದ್ದ ಕೂಡಲೇ ರಸ್ತೆಗೆ ಓಡಿದವು. ತಿರುವು ದಾಟಿದ ಮೇಲೆ ಮತ್ತೆ ಬಂದವು. ಕಣ್ಣಿನಲ್ಲಿ ನಗುವಿತ್ತು. ಬಾಯಿ ಮಾತ್ರ ಬೀಗ ಹಾಕಿದ ಮನೆ.

ಎಂಥ ಜಂಬ! ಎಂದುಕೊಂಡಳು.

"ಕಂಡಕ್ಟರಮ್ಮಾ, ನಿಜವಾಗ್ಲೂ ನನ್ನ ಇಳಿಸಿಬಿಡ್ತಿದ್ರಾ?" ಕಡ್ಡಿ ಕೇಳಿದಳು.

"ಮತ್ತೆ? ಸುಳ್ಳು ಹೇಳ್ತೀನಾ?"

"ನಮ್ಮನ್ನೂ ಇಳಿಸಿದ್ರೆ ಬಸ್ಸಲ್ಲಿ ಯಾರೂ ಇರಲ್ಲ. ಆಮೇಲೆ ಯಾರಿಗೆ ಬೈತೀರಾ? ಸೀಟಿಗಾ?"

ಕಂಡಕ್ಟರಮ್ಮ ಖಾಲಿ ಸೀಟುಗಳನ್ನು ತಿರುಗಿ ನೋಡಿದಳು. ಮುಂದಿನಿಂದ ಒಂದು ನಗು ಸಿಡಿಯಿತು. ತಡೆಯಲಾರದೆ, ತಲೆ ಹಿಂದಕ್ಕೆ ಎಸೆದು, ಬಾಯಿ ತುಂಬ ನಕ್ಕ ಡ್ರೈವರ್. ಕನ್ನಡಿಯಲ್ಲಿ ಏನೋ ಪಳಕ್ಕೆಂದಿತು.

ಅಮ್ಮ ಓಡುವ ಬಸ್ಸಿನಲ್ಲಿ ಎದ್ದು ನಿಂತಳು.

"ನಿಲ್ಲಿಸಿ! ನಿಲ್ಲಿಸಿ ಬಸ್ಸು!"

ಬ್ರೇಕು ಬಿತ್ತು. "ಏನಾಯ್ತು? ಯಾರಾದ್ರೂ ಬಿದ್ರಾ?"

"ಆ ಹಲ್ಲು! ಆ ಹಲ್ಲು ನಂದು!"

ಕಂಡಕ್ಟರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಏನಮ್ಮಾ, ನಿಂದೆಲ್ಲಾ ನಿನ್ನ ಬಾಯಲ್ಲೇ ಇದೆಯಲ್ಲ?"

*

ಆ ತುದಿಯ ಸ್ಟಾಪಿನಲ್ಲಿ ಕಂಡಕ್ಟರಮ್ಮನ ಫ್ಲಾಸ್ಕಿನ ಟೀ ಕುಡಿಯುತ್ತ ವಿಚಾರಣೆ ನಡೆಯಿತು.

"ಎದುರಿನ ಒಂದೇ ಹಲ್ಲು. ತೆಗೆದು ಹಾಕ್ಕೊಳ್ಳೋ ಪ್ಲೇಟಿನದ್ದು. ಹೌದೋ ಅಲ್ವೋ?"

"ಹೌದು ಮೇಡಂ. ನಾಯಿಮರಿ ಅಡ್ಡ ಬಂತು. ಬ್ರೇಕು ಹಾಕ್ದೆ. ನಾಯಿ ಉಳೀತು, ಹಲ್ಲು ಸ್ಟೇರಿಂಗಿಗೆ ಬಡಿದು ಹೋಯ್ತು."

"ಡಾಕ್ಟ್ರು ಅಷ್ಟು ಬಿಳಿ ಬಣ್ಣ ಬರೆದು ಕಳಿಸಿದಾಗಲೇ ನನಗೆ ಅನುಮಾನ ಬಂದಿತ್ತು. ಯಾವುದೋ ಸಿನಿಮಾದವರು ಇರಬೇಕು ಅಂದ್ಕೊಂಡೆ. ಯಾರು ಹೇಳಿದ್ದು ಆ ಬಣ್ಣ ಹಾಕೋಕೆ?"

ಅವನು ಕೈಯಿಂದ ಬಾಯಿ ಮುಚ್ಚಿಕೊಂಡ. "ನಾನೇ. ಡಾಕ್ಟ್ರು ಬೇಡ ಬೇಡ ಅಂದ್ರು. ನಾನೇ ಹಠ ಮಾಡಿ, ನಮೂನೆ ಹಲ್ಲಿನ ತಟ್ಟೇಲಿ ಎಲ್ಲಕ್ಕಿಂತ ಬೆಳ್ಳಗಿರೋದು ಕೊಡಿ ಅಂದೆ. ಹೊಸದು ಹಾಕಿಸ್ಕೊಂಡ್ಮೇಲೆ ಒಳ್ಳೇದೇ ಇರ್ಲಿ ಅಂತ."

"ಅಂಗಿ ಅಂದ್ಕೊಂಡ್ರಾ? ಹಲ್ಲು ರೀ ಅದು! ಒಬ್ಬನೇ ಮಿಂಚೋಕೆ ಬರೋದಲ್ಲ. ಅಕ್ಕಪಕ್ಕದವರ ಜೊತೆ ಹೊಂದ್ಕೊಂಡು ಇರಬೇಕು. ಟೀ ಕುಡಿದು ಕುಡಿದು ಹಳದಿಯಾದವರ ಮಧ್ಯೆ ಹೋಗಿ ಈ ಬಿಳಿ ಕೂರಿಸಿದ್ರೆ ಏನಾಗುತ್ತೆ?"

"ಟ್ಯೂಬ್‌ಲೈಟು ಅಂತಾರೆ ಡಿಪೋದಲ್ಲಿ," ಎಂದ ಅವನು ಮೆಲ್ಲಗೆ. "ಅದಕ್ಕೇ ನಗೋದು ಬಿಟ್ಟೆ."

ಜಂಬವಲ್ಲ, ನಾಚಿಕೆ. ಇಷ್ಟು ದಿನ ಬಾಲ್ಕನಿಯಿಂದ ತಾನು ಬೈದುಕೊಂಡಿದ್ದು ಒಂದು ನಾಚಿಕೆಯನ್ನು. ಅದೂ ತನ್ನ ಕೈಯಾರೆ ಕಟ್ಟಿ ಕಳಿಸಿದ ನಾಚಿಕೆ. ಅವಳಿಗೆ ತನ್ನ ಮೇಲೆ ಸಿಟ್ಟು ಬಂತು. ಅದನ್ನೂ ಅವನ ಮೇಲೆಯೇ ತೀರಿಸಿಕೊಂಡಳು.

"ರಜೆ ದಿನ ಮನೇಲಿರೋದು ಬಿಟ್ಟು ಖಾಲಿ ಬಸ್ಸು ಯಾಕೆ ಓಡಿಸ್ತೀರಿ?"

ಉತ್ತರ ಕೊಟ್ಟದ್ದು ಕಂಡಕ್ಟರಮ್ಮ. "ಪ್ರತಿ ರಜೆಗೂ ಇವನಿಗೇ ಡ್ಯೂಟಿ. ಮನೆ ಮಠ ಇದ್ದೋರಿಗೆಲ್ಲಾ ರಜೆ ಬೇಕಂತೆ. ಇವನನ್ನ ಸಾಕಿದ ಅಕ್ಕ ತೀರಿಕೊಂಡ ಮೇಲೆ ಕಾಯೋರು ಯಾರೂ ಇಲ್ಲ. ನಿನಗೇನಪ್ಪಾ, ಹೇಗೂ ಒಬ್ಬನೇ ಇರ್ತೀಯಲ್ಲ ಅಂತಾರೆ. ಇವನು ಹೂಂ ಅಂತಾನೆ. ಸೊಸೆ ಜೊತೆ ಜಗಳ ಆಡೋದಕ್ಕಿಂತ ವಾಸಿ ಅಂತ ನಾನೂ ಬರ್ತೀನಿ."

ಹೇಗೂ. ಆ ಪದ ಅವಳ ಎದೆಗೆ ಮತ್ತೆ ಬಂದು ಬಡಿಯಿತು. ಬೇರೆ ಮನುಷ್ಯನಿಗೆ ಎಸೆದದ್ದು, ಗಾಯ ಮಾತ್ರ ಅದೇ ಜಾಗದಲ್ಲಿ.

"ಅದನ್ನ ಕೇಳ್ಕೊಂಡು ಸುಮ್ನೆ ಇದ್ರಾ?"

"ನಿಜ ತಾನೇ ಮೇಡಂ."

"ನಿಜ ಆದ್ರೆ? ನಿಜ ಅಂತ ಮುಖದ ಮೇಲೆ ಹೇಳಿಬಿಡೋದಾ? ಯಾರೂ ಇಲ್ದೋರಿಗೆ ರಜೆ ಬೇಡ್ವಾ? ಅವರು ಮನುಷ್ಯರಲ್ವಾ? ನಿಮಗೆ ಬಾಯಿ ಇರ್ಲಿಲ್ವಾ?"

"ಬಾಯಿ ಇತ್ತು. ತೆಗೆದ್ರೆ ಟ್ಯೂಬ್‌ಲೈಟು," ಎಂದ ಅವನು.

ಅವಳಿಗೆ ನಗು ಬಂತು. ಸಿಟ್ಟಿನ ನಡುವೆ ಬಂದ ನಗು ಅವಳಿಗೆ ಎಂದೂ ಹಿಡಿಸಿರಲಿಲ್ಲ. ಅಂದು ಹಿಡಿಸಿತು.

"ನಾಳೆ ಮನೆಗೆ ಬನ್ನಿ. ಬೆಳಕಿರೋವಾಗ. ಆ ಹಲ್ಲು ತೆಗೆದು ಬೇರೆ ಕೂರಿಸ್ತೀನಿ. ಡಾಕ್ಟ್ರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ. ನನ್ನ ಕೈಕೆಲಸ ಯಾರನ್ನೂ ಬಾಯಿ ಮುಚ್ಕೊಂಡು ಇರೋ ಹಾಗೆ ಮಾಡಬಾರದು."

*

ಹಲ್ಲಿನ ಬಣ್ಣ ನೋಡುವುದಕ್ಕೆ ಒಂದು ಕ್ರಮವಿದೆ. ದೀಪದ ಬೆಳಕು ಆಗದು, ಕಿಟಕಿಯ ಬೆಳಕೇ ಆಗಬೇಕು. ನಮೂನೆಯ ಹಲ್ಲನ್ನು ತುಟಿಯ ಹತ್ತಿರ ಹಿಡಿದು, ಒಮ್ಮೆ ನೋಡಿ, ತಕ್ಷಣ ಕಣ್ಣು ತೆಗೆಯಬೇಕು. ಹೆಚ್ಚು ಹೊತ್ತು ನೋಡಿದರೆ ಕಣ್ಣು ಸೋತು ಎಲ್ಲ ಬಣ್ಣವೂ ಒಂದೇ ಆಗಿಬಿಡುತ್ತದೆ. ಆಗ ನೀಲಿಯದೇನನ್ನಾದರೂ ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಬೇಕು. ಆಮೇಲೆ ಮತ್ತೆ ಹಲ್ಲು.

ಅವಳು ಅದನ್ನು ಕಲಿತದ್ದು ಹಾಗೆ. ಆ ಕೋಣೆಯಲ್ಲಿ ಅಂದು ನೀಲಿಯಾಗಿದ್ದದ್ದು ಒಂದೇ, ಅವನ ಸಮವಸ್ತ್ರದ ಎದೆ.

"ನಗಿ."

"ಸುಮ್ಮನೆ ಹೇಗೆ ನಗೋದು ಮೇಡಂ?"

"ಕಡ್ಡೀ, ಏನಾದ್ರೂ ಹೇಳು."

ನಮೂನೆಯ ತಟ್ಟೆ ಹಿಡಿದು ನಿಂತಿದ್ದ ಕಡ್ಡಿ ಹೇಳಿದಳು, "ಅಮ್ಮ ಇವತ್ತು ತಲೆ ಬಾಚ್ಕೊಂಡಿದ್ದಾಳೆ. ಎರಡು ಸಲ."

ಅವನು ನಕ್ಕ. ಅವಳು ನೋಡಿದಳು. ಕಣ್ಣು ತೆಗೆದಳು. ನೀಲಿ ಅಂಗಿ, ಅದರ ಮೇಲಿನ ಗುಂಡಿ, ಗುಂಡಿಯ ಕೆಳಗೆ ಏರಿಳಿಯುವ ಉಸಿರು. ಮತ್ತೆ ನೋಡಿದಳು. ಒಂದು ಕೋರೆಹಲ್ಲು ಸ್ವಲ್ಪ ತಿರುಗಿತ್ತು. ಕೆಳತುಟಿಯ ಒಂದು ಬದಿಯಲ್ಲಿ ಹಳೆಯ ಗಾಯದ ಸಣ್ಣ ಗೆರೆ. ಎಷ್ಟೋ ಸಾವಿರ ಹಲ್ಲು ನೋಡಿದವಳು, ಹಲ್ಲಿನ ಸುತ್ತ ಒಂದು ಮುಖ ಇರುತ್ತದೆಂದು ಮರೆತೇ ಹೋಗಿದ್ದಳು.

"ಬಣ್ಣ ಸಿಕ್ತಾ?" ಎಂದ.

"ಮಾತಾಡ್ಬೇಡಿ."

"ನೀವು ನನ್ನ ಅಂಗೀನೇ ನೋಡ್ತಿದ್ದೀರಿ."

"ಅದು ಕೆಲಸದ ಕ್ರಮ!"

"ಒಳ್ಳೇ ಕ್ರಮ," ಎಂದು ಅವನು ಮತ್ತೆ ಬಾಯಿ ತೆರೆದು ಕೂತ, ಪರೀಕ್ಷೆ ಬರೆಯುವ ವಿದ್ಯಾರ್ಥಿಯ ಹಾಗೆ ಶಿಸ್ತಾಗಿ.

ಅಂದು ಬಣ್ಣ ಸಿಗಲಿಲ್ಲ. ಮೋಡ ಬಂತು. ಮರುದಿನ ಬಿಸಿಲು ಹೆಚ್ಚಾಯಿತು. ಅದರ ಮರುದಿನ ಬೆಳಕು ಸರಿಯಾಗಿತ್ತು, ಆದರೆ ಅವಳು ಟೀ ಮಾಡಿದಳು. ಟೀ ಕುಡಿದ ಕೂಡಲೇ ಹಲ್ಲಿನ ಬಣ್ಣ ನೋಡಬಾರದಷ್ಟೆ.

ದಿನವೂ ಬೆಳಿಗ್ಗೆ ತಾಯಿ ಮಗಳು ಒಂದು ಟ್ರಿಪ್ಪು ಬಸ್ಸು ಹತ್ತುವುದು ರೂಢಿಯಾಯಿತು. ಕಡ್ಡಿ ಸ್ಟಾಪುಗಳ ಹೆಸರು ಕೂಗುವುದನ್ನು ಕಲಿತಳು. ಇಳಿಯುವವರು ಯಾರೂ ಇಲ್ಲದಿದ್ದರೂ ಕೂಗುತ್ತಿದ್ದಳು. ಕಂಡಕ್ಟರಮ್ಮ ತನ್ನ ಸೊಸೆಯನ್ನು ಬೈಯುತ್ತಲೇ ಅವಳು ಕೊಟ್ಟ ಕೇಕನ್ನು ತಂದು ಹಂಚಿದಳು. ಇನ್ನೊಂದು ದಿನ ಬಸ್ಸು ಹತ್ತಿದ ಮುದುಕರೊಬ್ಬರು, "ಮನೆಯವರೆಲ್ಲಾ ಸೇರಿ ಬಸ್ಸು ನಡೆಸ್ತೀರಾ?" ಎಂದು ಕೇಳಿದರು. ಯಾರೂ ಅಲ್ಲವೆನ್ನಲಿಲ್ಲ. ಕನ್ನಡಿಯಲ್ಲಿ ಎರಡು ಕಣ್ಣು ಬಂದು, ಈ ಸಲ ರಸ್ತೆಗೆ ಓಡಿಹೋಗದೆ, ಸಿಗ್ನಲ್ಲು ಹಸಿರಾಗುವವರೆಗೂ ನಿಂತವು.

"ಏನವ್ವಾ," ಕಂಡಕ್ಟರಮ್ಮ ಅವಳ ಕಿವಿಯ ಹತ್ತಿರ ಬಗ್ಗಿದಳು, "ಇನ್ನೂ ಮುಗೀಲಿಲ್ವಾ ಆ ಹಲ್ಲು? ನೀನು ಹಲ್ಲು ಕಟ್ತಿದ್ದೀಯೋ ಮನೆ ಕಟ್ತಿದ್ದೀಯೋ?"

"ಸೂಕ್ಷ್ಮದ ಕೆಲಸ. ಅವಸರ ಮಾಡೋಕಾಗಲ್ಲ."

"ಮಾಡ್ಬೇಡ ಮಾಡ್ಬೇಡ. ನಾನಂತೂ ಅವಸರದಲ್ಲಿ ಮದುವೆಯಾಗಿ ಅನುಭವಿಸಿದೀನಿ."

ಇಷ್ಟಾದರೂ ಒಂದು ಮುಳ್ಳು ಅವಳ ಒಳಗೆ ಉಳಿದೇ ಇತ್ತು. ಕಡ್ಡಿ ಅಪ್ಪನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಊಟದ ನಡುವೆ, ತಲೆ ಬಾಚಿಸಿಕೊಳ್ಳುವಾಗ, "ಅಮ್ಮಾ..." ಎನ್ನುತ್ತಿದ್ದಳು. "ಏನು ಕಂದಾ?" ಎಂದರೆ, "ಏನಿಲ್ಲ." ಅಪ್ಪನಿಗೆ ನಾನು ಬೇಡವಾ, ಅದೇ ತಾನೇ ಪ್ರಶ್ನೆ? ಅದಕ್ಕೆ ಏನು ಉತ್ತರ ಕೊಡಲಿ? ಅದನ್ನು ಯೋಚಿಸಿದಾಗೆಲ್ಲ ಮೇಣದ ಹಲ್ಲನ್ನು ಬೇಕಾದ್ದಕ್ಕಿಂತ ಹೆಚ್ಚು ಕೆತ್ತಿಬಿಡುತ್ತಿದ್ದಳು. ತಪ್ಪು ಮಾಡಿದವನು ನೆಂಟರ ಜೊತೆ ಹರಟೆ ಹೊಡೆಯುತ್ತಿದ್ದಾನೆ, ಉತ್ತರ ಹುಡುಕುವ ಕೆಲಸ ಇವಳಿಗೆ. ಇದು ಯಾವ ಊರಿನ ನ್ಯಾಯ?

*

ರಜೆ ಮುಗಿಯಲು ಒಂದೇ ದಿನ ಇರುವಾಗ ಮತ್ತೆ ಫೋನು ಬಂತು. ಕಡ್ಡಿಯೇ ಎತ್ತಿಕೊಂಡಳು. ಬಸ್ಸು, ಸ್ಟಾಪುಗಳ ಹೆಸರು, ಡ್ರೈವರ್ ಮಾಮ, ಟ್ಯೂಬ್‌ಲೈಟು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಆ ಕಡೆಯ ದನಿ ಅಷ್ಟೇ ಹೇಳಿತು, "ಅಮ್ಮನಿಗೆ ಕೊಡು."

ಅವಳು ಫೋನು ಹಿಡಿದು ಬಾಲ್ಕನಿಗೆ ಹೋದಳು.

"ಏನು ನಡೀತಿದೆ ಅಲ್ಲಿ? ಯಾವನೋ ಬಸ್ ಡ್ರೈವರ್ ಮನೆಗೆ ಬಂದು ಹೋಗ್ತಾನಂತೆ?"

"ಯಾವನೋ ಅಲ್ಲ. ಬರ್ತೀನಿ ಅಂದ ಹೊತ್ತಿಗೆ ಬರೋರು ಅವರು."

"ನನಗೆ ಬುದ್ಧಿ ಹೇಳ್ಬೇಡ. ನನ್ನ ಮಗಳು ಎಂಥೋರ ಮಧ್ಯೆ ಬೆಳೀಬೇಕು ಅನ್ನೋದು ನನಗೂ ಸಂಬಂಧಪಟ್ಟಿದ್ದು. ಇದು ಹೀಗೇ ಮುಂದುವರೆದ್ರೆ ಅವಳು ಎಲ್ಲಿರಬೇಕು ಅನ್ನೋದನ್ನ ಮತ್ತೆ ಯೋಚನೆ ಮಾಡ್ಬೇಕಾಗುತ್ತೆ."

"ಎಲ್ಲಿ ಮಲಗಿಸ್ತೀರಿ?" ಎಂದಳು ಅವಳು. "ಜಾಗ ಇಲ್ಲ ಅಂದ್ರಲ್ಲ!"

ಈ ಸಲ ಒಳ್ಳೆಯ ಮಾತು ಸರಿಯಾದ ಹೊತ್ತಿಗೆ ಬಂದಿತ್ತು. ಫೋನು ಕಟ್ಟು ಮಾಡಿದವಳೂ ಅವಳೇ. ಆದರೆ ಒಳಗೆ ಬಂದವಳು ಮೊದಲು ಬಾಗಿಲ ಚಿಲಕ ಹಾಕಿದಳು. ರಜೆಗೊಂದು ಸಲ ಬಾಗಿಲು ತಟ್ಟಲಾರದವನು ಮಗುವನ್ನೇ ಎಳೆದುಕೊಂಡು ಹೋಗುತ್ತೇನೆಂದು ಹೆದರಿಸಬಲ್ಲ. ಅವನಿಗೆ ಬೇಕಾಗಿಲ್ಲ, ಅವನು ಮಾಡುವುದೂ ಇಲ್ಲ, ಆದರೂ ಹೆದರಿಸಬಲ್ಲ. ಹೆದರಿಕೆಗೆ ಎಂದಾದರೂ ತಲೆಬುಡ ಇರುತ್ತದೆಯೇ?

ಅಂದೇ ಕೂತು ಹಲ್ಲನ್ನು ಮುಗಿಸಿದಳು. ಬಣ್ಣ ಅವಳಿಗೆ ಎಂದೋ ಗೊತ್ತಾಗಿತ್ತು. ಮೊದಲನೆಯ ದಿನವೇ.

*

ಮರುದಿನ ಮಧ್ಯಾಹ್ನ ಅವನು ಬಂದ. ಡ್ಯೂಟಿ ಇರಲಿಲ್ಲ.

"ಕಾಯೋರು ಇದ್ದಾರೆ, ನನಗೂ ರಜೆ ಬೇಕು ಅಂತ ಡಿಪೋದಲ್ಲಿ ಹೇಳಿಬಿಟ್ಟೆ," ಎಂದ. "ಬಾಯಿ ಇದೆ ಅಂತ ನೆನಪಿಸಿದ್ದು ನೀವೇ."

ಕಂದು ಬಣ್ಣದ ಅಂಗಿ, ಇಸ್ತ್ರಿ ಮಾಡಿದ್ದು. ಎಲ್ಲೂ ಚೂರು ನೀಲಿ ಇರಲಿಲ್ಲ.

ಹಿಂದಿನ ದಿನದ ಫೋನು ಇನ್ನೂ ಕಿವಿಯಲ್ಲೇ ಇತ್ತು. ಅವಳು ಮುಖ ಗಂಟಿಕ್ಕಿ ಪ್ಲೇಟು ಕೂರಿಸಿದಳು. ಕಚ್ಚಿ ಅಂದಳು, ಬಿಡಿ ಅಂದಳು, ಅಂಚನ್ನು ಉಜ್ಜಿದಳು, ಮತ್ತೆ ಕೂರಿಸಿದಳು. ಕೈಗೆ ಕನ್ನಡಿ ಕೊಟ್ಟಳು.

ಅವನು ನೋಡಿಕೊಂಡ. ನಾಲಿಗೆಯಿಂದ ಮುಟ್ಟಿದ. ಯಾವುದು ಕಟ್ಟಿದ್ದು, ಯಾವುದು ಹುಟ್ಟಿದ್ದು ಅವನಿಗೇ ತಿಳಿಯಲಿಲ್ಲ. ಮೆಲ್ಲಗೆ, ನಂಬದವನಂತೆ, ನಕ್ಕ. ಆಮೇಲೆ ಕನ್ನಡಿ ಇಳಿಸಿ ಅವಳನ್ನು ನೋಡಿ ನಕ್ಕ.

ಅವಳ ಕಣ್ಣಿಗೆ ವಿಶ್ರಾಂತಿ ಸಿಗುವ ಜಾಗ ಆ ಕೋಣೆಯಲ್ಲಿ ಎಲ್ಲೂ ಇರಲಿಲ್ಲ.

"ಆಯ್ತು," ಎಂದಳು. ದನಿ ತನಗೇ ಒರಟಾಗಿ ಕೇಳಿಸಿತು. "ಇನ್ನು ನೀವು ಬರೋ ಅಗತ್ಯ ಇಲ್ಲ."

ನಗು ಅರ್ಧದಲ್ಲಿ ನಿಂತಿತು. "ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ತಪ್ಪಲ್ಲ. ಕೆಲಸ ಮುಗೀತು."

"ಹಲ್ಲು ಅಲ್ಲಾಡಿದ್ರೆ?"

"ಡಾಕ್ಟ್ರ ಹತ್ರ ಹೋಗಿ."

"ನೋವು ಬಂದ್ರೆ?"

"ಕಟ್ಟಿದ ಹಲ್ಲಿಗೆ ನೋವು ಬರಲ್ಲ."

"ನಾನು ಹಲ್ಲಿನ ಮಾತು ಆಡ್ಲಿಲ್ಲ ಮೇಡಂ."

ಅವಳು ತಿರುಗಿ ನಿಂತು, ತೊಳೆದಿದ್ದ ಬ್ರಷ್ಷನ್ನೇ ಮತ್ತೆ ತೊಳೆಯತೊಡಗಿದಳು. ನೀರಿನ ಸದ್ದು ಇಬ್ಬರಿಗೂ ಅನುಕೂಲವಾಗಿತ್ತು. ಅವನು ಎದ್ದ. ಕುರ್ಚಿಯನ್ನು ಶಬ್ದವಾಗದಂತೆ ಅದರ ಜಾಗಕ್ಕೆ ಸರಿಸಿದ. ಕಡ್ಡಿಯ ತಲೆಯ ಮೇಲೆ ಕೈಯಿಟ್ಟ.

"ಬರ್ತೀನಿ ಪುಟ್ಟಾ. ಸ್ಕೂಲು ಶುರುವಾದ ಮೇಲೂ ಸ್ಟಾಪಿನ ಹೆಸರು ಮರೀಬೇಡ."

ಕಡ್ಡಿ ಆ ಕೈಯನ್ನು ತಲೆಯ ಮೇಲಿಂದ ತೆಗೆಯಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮುಖ ಕೆಂಪಾಗಿತ್ತು. ಇಷ್ಟು ದಿನ ತೆರೆದು ಮುಚ್ಚಿದ್ದ ಆ ಬಾಯಿ ಈಗ ತೆರೆಯಿತು. ಅಮ್ಮ ನಲ್ಲಿ ನಿಲ್ಲಿಸಿದಳು. ಬಂತು, ಎಂದುಕೊಂಡಳು. ಉತ್ತರವಿಲ್ಲದ ಆ ಪ್ರಶ್ನೆ, ಈಗ, ಇವನ ಎದುರಿಗೇ.

"ಅಮ್ಮಾ," ಎಂದಳು ಕಡ್ಡಿ. ಅಮ್ಮನದೇ ಸಿಟ್ಟು, ಅಮ್ಮನದೇ ಹುಬ್ಬು. "ಅಪ್ಪ ಬರದೇ ಇರೋಕೆ ಪ್ರತಿ ಸಲ ಏನಾದ್ರೂ ಒಂದು ಕಾರಣ ಇರುತ್ತೆ. ಇವರು ಬರೋಕೂ ಒಂದು ಕಾರಣ ಇರಲೇಬೇಕಾ? ಸುಮ್ನೆ ಬರೋಕಾಗಲ್ವಾ?"